ಚೀಲ ಜೋಡಿಸಿಕೊಡುತ್ತಿದ್ದ ಕೈಗಳು ಊರಲ್ಲೇ ಉಳಿದಾಗ

"ಊರಲ್ಲಿದ್ದಾಗ ಚೆನ್ನಾಗೇ ಇದ್ದ. ಇಲ್ಲಿಗೆ ಬಂದ ಮೇಲೆ ಹೀಗಾಗಿದ್ದಾನೆ." ಅಮೆರಿಕಕ್ಕೆ ಹೊಸದಾಗಿ ಬಂದ ಮನೆಗಳಲ್ಲಿ ಈ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಹೋಂವರ್ಕ್ ಮಾಡಿ ಮುಗಿಸಿರುತ್ತಾನೆ, ಸಬ್ಮಿಟ್ ಮಾಡಿರುವುದಿಲ್ಲ. ಜಾಕೆಟ್ ಸ್ಕೂಲಲ್ಲಿ ಉಳಿದಿರುತ್ತದೆ, ನೀರಿನ ಬಾಟಲಿ ಬಸ್ಸಿನಲ್ಲಿ. ಟೀಚರ್ ಈಮೇಲ್ ಮೇಲೆ ಈಮೇಲ್ ಕಳಿಸುತ್ತಾರೆ. ಅಪ್ಪ ಅಮ್ಮ ಸೋಮಾರಿತನ ಎಂದೋ ಐಪ್ಯಾಡಿನ ಚಟ ಎಂದೋ ಊರು ಬಿಟ್ಟ ಬೇಸರ ಎಂದೋ ತಿಳಿದು ಗದರುತ್ತಾರೆ. ಕೆಲವು ಮಕ್ಕಳಿಗೆ ಊರು ಬಿಟ್ಟ ಬೇಸರವೇ ಕಾರಣವಿರಬಹುದು, ಒಂದೆರಡು ತಿಂಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಇನ್ನು ಕೆಲವರಲ್ಲಿ ತೊಂದರೆ ಮೊದಲಿನಿಂದಲೂ ಇತ್ತು. ಅದರ ಭಾರವನ್ನು ಮನೆಮಂದಿ ಹೊತ್ತುಕೊಂಡಿದ್ದರಿಂದ ಕಾಣಿಸಿರಲಿಲ್ಲ.

ಊರಿನ ಒಂದು ಬೆಳಗ್ಗೆಯನ್ನು ನೆನಪಿಸಿಕೊಳ್ಳಿ. ಟೈಂಟೇಬಲ್ ನೋಡಿ ಚೀಲಕ್ಕೆ ಪುಸ್ತಕ ಜೋಡಿಸಿದ್ದು ಅಮ್ಮ. ತುತ್ತು ಬಾಯಿಗಿಟ್ಟು, ಸಾಕ್ಸ್ ಏರಿಸಿ, ಶೂ ಲೇಸ್ ಕಟ್ಟಿದ್ದು ಅಜ್ಜಿ. ಹೊತ್ತಾಯಿತೆಂದು ಹಾರ್ನ್ ಹೊಡೆದು ತಿಳಿಸಿದ್ದು ಆಟೋ ಅಂಕಲ್. ನಾಳೆ ಏನು ತರಬೇಕೆಂದು ಡೈರಿಯಲ್ಲಿ ಬರೆಸಿದ್ದು ಕ್ಲಾಸ್ ಮಿಸ್. ಸಂಜೆ ಪಕ್ಕದಲ್ಲೇ ಕೂತು "ಈಗ ಗಣಿತ ತೆಗಿ" ಎಂದದ್ದು ಟ್ಯೂಷನ್ ಮೇಡಂ. ತರಗತಿಯಲ್ಲೂ ಮಕ್ಕಳು ಕೂತಲ್ಲೇ ಕೂತಿರುತ್ತಾರೆ, ಬಂದು ಹೋಗುವವರು ಟೀಚರ್‌ಗಳು. ಇಲ್ಲಿಯ ಮಿಡಲ್ ಸ್ಕೂಲಿನಲ್ಲಿ ಪೀರಿಯಡ್‌ಗೊಂದು ರೂಮು, ನಡುವೆ ಕೆಲವೇ ನಿಮಿಷ. ಲಾಕರಿನ ನಂಬರ್ ನೆನಪಿಡಬೇಕು, ಪ್ರತಿ ಟೀಚರ್ ಎಲ್ಲಿ ಹೋಂವರ್ಕ್ ಹಾಕುತ್ತಾರೆಂದು ಹುಡುಕಬೇಕು, ಮೂರು ವಾರ ಬಿಟ್ಟು ಕೊಡಬೇಕಾದ ಪ್ರಾಜೆಕ್ಟನ್ನು ಇವತ್ತೇ ಶುರುಮಾಡಬೇಕು. ಐದಾರು ಜನ ಸೇರಿ ಮಾಡುತ್ತಿದ್ದ ಕೆಲಸ ಒಂದೇ ತಲೆಯ ಮೇಲೆ ಬಿದ್ದಿದೆ.

ಈ ಕೆಲಸವನ್ನು ಎಕ್ಸಿಕ್ಯೂಟಿವ್ ಫಂಕ್ಷನ್ ಎನ್ನುತ್ತಾರೆ. ಬುದ್ಧಿವಂತಿಕೆಯೇ ಬೇರೆ, ಇದೇ ಬೇರೆ. ಮದುವೆಮನೆಗೆ ಅಡುಗೆಯವರು, ಪುರೋಹಿತರು, ಓಲಗದವರು ಎಲ್ಲರೂ ಬಂದಿದ್ದರೂ ಯಾವುದು ಮೊದಲು ಯಾವುದು ಆಮೇಲೆ ಎಂದು ನಿಂತು ನೋಡಿಕೊಳ್ಳುವ ಉಸ್ತುವಾರಿಯವರಿಲ್ಲದಿದ್ದರೆ ಮುಹೂರ್ತ ತಪ್ಪಿಹೋಗುತ್ತದಲ್ಲ, ಹಾಗೆ. ನರವಿಜ್ಞಾನಿ ಅಡೆಲ್ ಡೈಮಂಡ್ ಅವರು 2013ರ ತಮ್ಮ ಲೇಖನದಲ್ಲಿ ಇದರ ಮೂರು ಬೇರುಗಳನ್ನು ಹೇಳುತ್ತಾರೆ: ಮನಸ್ಸು ಎಳೆದ ಕಡೆ ಹೋಗದಂತೆ ತಡೆಯುವುದು, ಹೇಳಿದ್ದನ್ನು ಕೆಲಸ ಮುಗಿಯುವವರೆಗೆ ತಲೆಯಲ್ಲಿ ಹಿಡಿದಿಡುವುದು, ಪರಿಸ್ಥಿತಿ ಬದಲಾದಾಗ ತಾನೂ ಬದಲಾಗುವುದು. ಯೋಜನೆ ಹಾಕುವುದು, ಸಮಯದ ಅಂದಾಜು, ಕೆಲಸ ಶುರುಮಾಡುವುದೆಲ್ಲ ಇವುಗಳ ಮೇಲೆಯೇ ನಿಂತಿವೆ. ಇದಕ್ಕೆ ಬೇಕಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತು ದಾಟಬೇಕು. ಎಲ್ಲ ಮಕ್ಕಳಿಗೂ ಆಸರೆ ಬೇಕು. ಎಡಿಎಚ್‌ಡಿ (ಗಮನದ ಕೊರತೆ, ಅತಿಚಟುವಟಿಕೆಯ ತೊಂದರೆ) ಅಥವಾ ಆಟಿಸಂ ಇರುವವರಿಗೆ ಹೆಚ್ಚು ಬೇಕು, ಹೆಚ್ಚು ವರ್ಷ ಬೇಕು.

ಎರಡರಲ್ಲೂ ತೊಡಕು ಒಂದೇ ಬಗೆಯದಲ್ಲ. ಬಸ್ಸಿಗೆ ಹತ್ತು ನಿಮಿಷವಿದೆ, "ಸಾಕ್ಸ್ ತಗೊಂಡು ಬಾರೋ" ಎಂದಿರಿ. ಎಡಿಎಚ್‌ಡಿ ಇರುವ ಹುಡುಗ ಮೇಲೆ ಓಡುತ್ತಾನೆ. ದಾರಿಯಲ್ಲಿ ಲೆಗೊ ಕಾಣುತ್ತದೆ, ನಿನ್ನೆ ಅರ್ಧಕ್ಕೆ ಬಿಟ್ಟ ರೆಕ್ಕೆ ನೆನಪಾಗುತ್ತದೆ, ಸಾಕ್ಸ್ ಮರೆತೇಹೋಗುತ್ತದೆ. ನೀವು ಹೋಗಿ ನೋಡಿದರೆ ಬರಿಗಾಲಲ್ಲಿ ಕೂತು ವಿಮಾನ ಕಟ್ಟುತ್ತಿದ್ದಾನೆ. ನಿಮ್ಮ ಮಾತು ಮೀರಬೇಕೆಂದು ಅವನು ಹಾಗೆ ಮಾಡಿದ್ದಲ್ಲ. ಆ ಮಾತು ಮೆಟ್ಟಿಲು ಹತ್ತುವಷ್ಟು ಹೊತ್ತು ಅವನ ತಲೆಯಲ್ಲಿ ನಿಲ್ಲಲಿಲ್ಲ. ಎಡಿಎಚ್‌ಡಿಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಒತ್ತಿ ಹೇಳುವುದೂ ಇದನ್ನೇ: ಈ ಮಕ್ಕಳಿಗೆ ಏನು ಮಾಡಬೇಕೆಂದು ಗೊತ್ತಿದೆ, ಗೊತ್ತಿರುವುದನ್ನು ಆ ಗಳಿಗೆಯಲ್ಲಿ ಮಾಡುವುದೇ ಕಷ್ಟ.

ಆಟಿಸಂ ಇರುವ ಹುಡುಗಿಗೆ ಸಾಕ್ಸ್ ತರುವುದು ನೆನಪಿರುತ್ತದೆ. ಆದರೆ ದಿನಾ ಹಾಕುವ ಸಾಕ್ಸ್ ಒಗೆಯಲು ಹೋಗಿದೆ, ಇರುವುದರಲ್ಲಿ ಬೆರಳ ತುದಿಗೆ ಹೊಲಿಗೆ ಚುಚ್ಚುತ್ತದೆ. "ಇವತ್ತೊಂದು ದಿನ ಇದನ್ನೇ ಹಾಕ್ಕೋ ಪುಟ್ಟಿ" ಎಂದರೆ ಅಲ್ಲೇ ನಿಂತುಬಿಡುತ್ತಾಳೆ. ಅಂದುಕೊಂಡಿದ್ದ ಕ್ರಮ ಮುರಿದಿದೆ, ಬೇರೆ ದಾರಿಗೆ ಮನಸ್ಸು ತಿರುಗುತ್ತಿಲ್ಲ, ಮೇಲಿಂದ ಮೈಗೂ ಹಿಂಸೆ. ಎಷ್ಟೋ ಸಲ ಇದನ್ನೇ ನಾವು ಹಠ ಎಂದುಬಿಡುತ್ತೇವೆ. ಟೀಚರ್ ರಜೆ ಹಾಕಿ ಸಬ್‌ಸ್ಟಿಟ್ಯೂಟ್ ಬಂದ ದಿನ, ಫೈರ್ ಡ್ರಿಲ್ ಇದ್ದ ದಿನ, ಹಿಮ ಬಿದ್ದು ಶಾಲೆ ತಡವಾಗಿ ತೆರೆದ ದಿನ ಇಂಥ ಮಕ್ಕಳು ಕುಸಿಯುವುದಕ್ಕೆ ಕಾರಣ ಹೀಗೆಯೇ ಇರುತ್ತದೆ.

ಒಂದೇ ಮಗುವಿಗೆ ಎರಡೂ ಇರಬಹುದು, ಹಾಗಿರುವ ಮಕ್ಕಳು ಬಹಳ ಇದ್ದಾರೆ. ಅಮೆರಿಕದ ಮನೋವೈದ್ಯರು ಬಳಸುವ ಡಿಎಸ್‌ಎಮ್ ಕೈಪಿಡಿಯ ಹಳೆಯ ಆವೃತ್ತಿಯಲ್ಲಿ ಆಟಿಸಂ ಇದ್ದರೆ ಎಡಿಎಚ್‌ಡಿಯನ್ನು ಜೊತೆಗೆ ಗುರುತಿಸುವಂತಿರಲಿಲ್ಲ. 2013ರ ಐದನೇ ಆವೃತ್ತಿ ಆ ನಿಷೇಧ ತೆಗೆಯಿತು. ಎರಡೂ ಇರುವ ಮಗುವಿಗೆ ದಿನಚರಿ ಬೇಕೇ ಬೇಕು, ಅದನ್ನು ತಾನಾಗಿ ನಡೆಸಿಕೊಂಡು ಹೋಗಲೂ ಆಗುವುದಿಲ್ಲ. ಆ ದಣಿವು ನಮಗೆ ಅರ್ಥವಾಗಬೇಕು. ತರಗತಿಯಲ್ಲಿ ತೆಪ್ಪಗೆ ಕೂತು ಕನಸು ಕಾಣುವ ಹೆಣ್ಣುಮಕ್ಕಳಂತೂ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತಾರೆ.

ಇನ್ನು ಪರೀಕ್ಷೆಯ ವಿಷಯ. ಎಕ್ಸಿಕ್ಯೂಟಿವ್ ಫಂಕ್ಷನ್‌ನ ತೊಡಕು ತಾನೇ ಒಂದು ರೋಗನಿರ್ಣಯವಲ್ಲ, ಅದೊಂದರಿಂದ ಎಡಿಎಚ್‌ಡಿಯೋ ಆಟಿಸಮ್ಮೋ ಎಂದು ಹೇಳಲಾಗದು. ಸ್ಕೂಲ್ ಸೈಕಾಲಜಿಸ್ಟ್ ಎದುರು, ಸದ್ದಿಲ್ಲದ ಕೋಣೆಯಲ್ಲಿ, ಒಂದೊಂದೇ ಪ್ರಶ್ನೆ ಕೇಳಿದಾಗ ಎಷ್ಟೋ ಮಕ್ಕಳು ಚೆನ್ನಾಗಿಯೇ ಮಾಡುತ್ತಾರೆ. ಅಲ್ಲಿ ಉಸ್ತುವಾರಿ ಎದುರಿಗೇ ಕೂತಿರುತ್ತದೆ. ಅದಕ್ಕೇ ಬ್ರೀಫ್ ಎಂಬಂಥ ಪ್ರಶ್ನಾವಳಿಗಳನ್ನು ಮನೆಯವರಿಗೂ ಟೀಚರ್‌ಗೂ ಕೊಡುತ್ತಾರೆ. ನಮ್ಮ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಮಗು ತನ್ನ ವಸ್ತುಗಳನ್ನು ಜೋಪಾನ ಮಾಡಿಕೊಳ್ಳುತ್ತದೆಯೇ ಎಂಬಂಥ ಪ್ರಶ್ನೆ ಬಂದಾಗ ಅಮ್ಮ "ತೊಂದರೆಯಿಲ್ಲ" ಎಂದು ಗುರುತು ಹಾಕುತ್ತಾರೆ. ತೊಂದರೆ ಇಲ್ಲದಿರುವುದು ಚೀಲವನ್ನು ದಿನಾ ಅವರೇ ಜೋಡಿಸುವುದರಿಂದ! ದಯವಿಟ್ಟು, ನೀವು ಕೈಬಿಟ್ಟರೆ ಏನಾಗುತ್ತದೋ ಅದನ್ನು ಬರೆಯಿರಿ. ಮಗುವಿನ ಮಾನ ಕಾಪಾಡಬೇಕೆಂಬ ಆಸೆಯಿಂದ ಅದಕ್ಕೆ ಸಿಗಬೇಕಾದ ನೆರವು ತಪ್ಪಬಾರದು.

ಊರಿನ ಹಳೆಯ ರಿಪೋರ್ಟ್ ಕಾರ್ಡ್‌ಗಳನ್ನು ಎಸೆಯಬೇಡಿ. ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು ಹನ್ನೆರಡು ವರ್ಷದೊಳಗೇ ಇದ್ದಿರಬೇಕು, ಒಂದಕ್ಕಿಂತ ಹೆಚ್ಚು ಕಡೆ ಕಂಡಿರಬೇಕು. "ಮಾತು ಜಾಸ್ತಿ, ಕೆಲಸ ಪೂರ್ತಿ ಮಾಡುವುದಿಲ್ಲ" ಎಂದು ಒಂದನೇ ಕ್ಲಾಸಿನ ಮಿಸ್ ಬರೆದ ಸಾಲು ಇಲ್ಲಿ ಬೆಲೆಯುಳ್ಳ ದಾಖಲೆ. ನಿಮ್ಹಾನ್ಸ್‌ನಲ್ಲೋ ಮಕ್ಕಳ ಡಾಕ್ಟರ ಬಳಿಯೋ ಹಿಂದೆ ತೋರಿಸಿದ್ದರೆ ಆ ಕಾಗದಗಳನ್ನೂ ತರಿಸಿಕೊಳ್ಳಿ.

ಮನೆಯಲ್ಲಿ ಮಾಡಬೇಕಾದದ್ದು, ಹೋದ ಆಸರೆಯನ್ನು ಬೇರೆ ರೂಪದಲ್ಲಿ ಮತ್ತೆ ನಿಲ್ಲಿಸುವುದು. "ಜವಾಬ್ದಾರಿ ಕಲಿಯಲಿ" ಎಂದು ಒಮ್ಮೆಗೇ ಕೈಬಿಟ್ಟರೆ ಈ ಮಕ್ಕಳು ಕಲಿಯುವುದಿಲ್ಲ, ಸೋಲುತ್ತಾರೆ. ತಲೆಯಲ್ಲಿ ನಿಲ್ಲದ್ದನ್ನು ಕಣ್ಣೆದುರು ಇಡಿ. ಬಾಗಿಲಿಗೆ ನಾಲ್ಕು ಚಿತ್ರ ಅಂಟಿಸಿ: ಊಟದ ಡಬ್ಬಿ, ಬಾಟಲಿ, ಜಾಕೆಟ್, ಚೀಲ. ಚಿತ್ರ ಇರಬೇಕಾದದ್ದು ಚಿಲಕದ ಹತ್ತಿರ, ಫ್ರಿಜ್ ಮೇಲಲ್ಲ. ಮರೆಯುವ ಜಾಗದಲ್ಲೇ ನೆನಪಿಸಬೇಕು. ಉಳಿದ ಸಮಯ ಕಣ್ಣಿಗೆ ಕಾಣುವಂಥ ಟೈಮರ್ ಇಡಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ, ಅದಾದ ಮೇಲೆ ಮುಂದಿನದು. ಬದಲಾವಣೆ ಇದ್ದರೆ ಹಿಂದಿನ ರಾತ್ರಿಯೇ ತಿಳಿಸಿ, ಬೆಳಗ್ಗೆ ಮತ್ತೊಮ್ಮೆ ಹೇಳಿ. ಅಜ್ಜಿ ತಾತ ವೀಸಾದ ಮೇಲೆ ಬಂದಾಗ ಅವರಿಗೂ ಇದನ್ನು ತಿಳಿಸಿ ಹೇಳಿ. ಪ್ರೀತಿಯಿಂದಲೇ ಅವರು ಎಲ್ಲವನ್ನೂ ಮಾಡಿಕೊಡುತ್ತಾರೆ. ಅದರ ಬದಲು ಪಕ್ಕದಲ್ಲಿ ನಿಂತು ಚಿತ್ರ ತೋರಿಸಿದರೆ ಮಗು ತಾನೇ ಮಾಡೀತು.

ಕನ್ನಡ ಬಿಟ್ಟು ಮನೆಯಲ್ಲೂ ಇಂಗ್ಲಿಷೇ ಆಡಿ ಎಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಕಿಲ್ಲ. ಎರಡು ಭಾಷೆ ಕೇಳಿದ್ದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬಿದ್ದಿದೆ ಎಂದು ಅಧ್ಯಯನಗಳಲ್ಲಿ ಕಂಡಿಲ್ಲ. ಅಳುವ ಮಗುವನ್ನು ಸಮಾಧಾನ ಮಾಡಲು ನಿಮಗೆ ಸಲೀಸಾಗಿ ಬರುವ ಭಾಷೆಯೇ ಬೇಕು.

ಔಷಧಿಯ ತೀರ್ಮಾನ ನಿಮ್ಮದು ಮತ್ತು ಡಾಕ್ಟರದು. ಎಡಿಎಚ್‌ಡಿಗೆ ಔಷಧಿಗಳು ಬಹಳ ಮಕ್ಕಳಿಗೆ ಸಹಾಯ ಮಾಡುತ್ತವೆ. ಆರು ವರ್ಷದೊಳಗಿನವರಿಗೆ ಮೊದಲು ತಂದೆತಾಯಿಗೆ ತರಬೇತಿ ಕೊಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಮೀಥೈಲ್‌ಫೆನಿಡೇಟ್‌ನಂಥ ಮಾತ್ರೆ ಇಲ್ಲಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ, ಹಳೇ ಚೀಟಿಗೆ ರೀಫಿಲ್ ಸಿಗದು. ಬೇಸಿಗೆ ರಜೆಗೆ ಊರಿಗೆ ಹೊರಡುವ ಮುಂಚೆಯೇ ಡಾಕ್ಟರ ಬಳಿ ಮಾತಾಡಿ, ಅಂಗಡಿಯ ಡಬ್ಬಿಯಲ್ಲೇ ಇಟ್ಟು, ಅವರ ಪತ್ರದ ಜೊತೆ ಒಯ್ಯಿರಿ.

ಶಾಲೆಯ ನೆರವಿಗೆ ನಿಮ್ಮ ವೀಸಾ ಯಾವುದೆಂಬುದು ಲೆಕ್ಕಕ್ಕಿಲ್ಲ. ಎಚ್4 ಮೇಲಿರುವ ಮಗುವಿಗೂ ಅದೇ ಹಕ್ಕು. 1975ರಲ್ಲಿ ಬಂದ, ಈಗ ಐಡಿಇಎ ಎಂದು ಕರೆಯುವ ಕಾನೂನಿನ ಪ್ರಕಾರ ಪಬ್ಲಿಕ್ ಶಾಲೆಯೇ ಖರ್ಚಿಲ್ಲದೆ ಮೌಲ್ಯಮಾಪನ ಮಾಡಬೇಕು. ಅದರಡಿ ಸಿಗುವುದು ಐಇಪಿ, ಅಂದರೆ ಮಗುವಿಗೆಂದೇ ರೂಪಿಸಿದ ಪಾಠದ ಯೋಜನೆ. ಪಾಠ ಬದಲಾಗಬೇಕಿಲ್ಲ, ಅನುಕೂಲ ಸಾಕು ಎಂದಾದರೆ 1973ರ ಕಾನೂನಿನ 504ನೇ ಸೆಕ್ಷನ್ ಇದೆ: ಹೆಚ್ಚು ಸಮಯ, ಮುಂದಿನ ಸೀಟು, ಹೋಂವರ್ಕ್ ಬರೆದುಕೊಂಡನೇ ಎಂದು ಟೀಚರ್ ನೋಡುವುದು, ಬದಲಾವಣೆಯ ಮುನ್ಸೂಚನೆ. ಮೂರು ವರ್ಷದೊಳಗಿನ ಮಕ್ಕಳಿಗೆ ಶಾಲೆಯಲ್ಲ, ರಾಜ್ಯದ ಅರ್ಲಿ ಇಂಟರ್ವೆನ್ಷನ್ ಕಚೇರಿ.

ಪೇರೆಂಟ್ ಟೀಚರ್ ಮೀಟಿಂಗಿನಲ್ಲಿ ಬಾಯಿಮಾತಲ್ಲಿ ಹೇಳಿದರೆ ಸಾಲದು. ಪ್ರಿನ್ಸಿಪಾಲರಿಗೂ ಸ್ಪೆಷಲ್ ಎಜುಕೇಷನ್ ವಿಭಾಗಕ್ಕೂ ಈಮೇಲ್ ಬರೆಯಿರಿ: ಮಗುವಿನ ಹೆಸರು, ಗ್ರೇಡ್, ಮನೆಯಲ್ಲೂ ಶಾಲೆಯಲ್ಲೂ ಕಂಡ ಎರಡು ಮೂರು ನಿರ್ದಿಷ್ಟ ಘಟನೆ, "ವಿಶೇಷ ಶಿಕ್ಷಣಕ್ಕಾಗಿ ಪೂರ್ಣ ಮೌಲ್ಯಮಾಪನ ಮಾಡಿ" ಎಂಬ ನೇರ ಕೋರಿಕೆ. ನೀವು ಒಪ್ಪಿಗೆಗೆ ಸಹಿ ಹಾಕಿದ ಮೇಲೆ ಅರವತ್ತು ದಿನದೊಳಗೆ, ಅಥವಾ ನಿಮ್ಮ ರಾಜ್ಯದ್ದೇ ಗಡುವು ಇದ್ದರೆ ಅದರೊಳಗೆ, ಶಾಲೆ ಮೌಲ್ಯಮಾಪನ ಮುಗಿಸಬೇಕು. ಆಗದು ಎಂದರೆ ಕಾರಣವನ್ನು ಬರೆದೇ ಕೊಡಬೇಕು. ಸಭೆಗೆ ಕನ್ನಡದ ದುಭಾಷಿ ಬೇಕಿದ್ದರೆ ಶಾಲೆಯೇ ಒದಗಿಸಬೇಕು, ಅದೂ ಉಚಿತ. ಪ್ರತಿ ರಾಜ್ಯದಲ್ಲೂ ಕೇಂದ್ರ ಸರ್ಕಾರದ ಹಣದಿಂದ ನಡೆಯುವ ಪೇರೆಂಟ್ ಸೆಂಟರ್ ಇದೆ, ಅಲ್ಲಿ ಕಾಗದಪತ್ರ ಓದಿ ವಿವರಿಸುತ್ತಾರೆ. ಐಇಪಿ ಸಭೆಗೆ ಮಗುವನ್ನು ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಲು ಕಾನೂನಿನಲ್ಲೇ ಅವಕಾಶವಿದೆ. ಒಂಟಿಯಾಗಿ ಹೋಗಲು ಅಳುಕಾದರೆ ನಮ್ಮ ಕನ್ನಡ ಕೂಟದಲ್ಲಿ ಕೇಳಿ. ಆ ಸಭೆಗಳಲ್ಲಿ ಕೂತು ಬಂದ ಅಪ್ಪ ಅಮ್ಮಂದಿರು ನಮ್ಮ ನಡುವೆಯೇ ಇದ್ದಾರೆ, ಸಂತೋಷದಿಂದ ಜೊತೆ ಬರುತ್ತಾರೆ.