ಸಂಚಾರಿ ದೂರವಾಣಿಯೂ ನಮ್ಮ ನಡೆನುಡಿಯೂ

ಯಂತ್ರವು ಎಲ್ಲ ದೇಶಗಳಲ್ಲಿಯೂ ಒಂದೇ; ಅದನ್ನು ಬಳಸುವ ರೀತಿ ಮಾತ್ರ ಆಯಾ ಜನರ ನಡೆನುಡಿಯನ್ನು ಅನುಸರಿಸಿರುತ್ತದೆ. ಜಪಾನಿನಲ್ಲಿ ರೈಲಿನೊಳಗೆ ಮೊಬೈಲಿನಲ್ಲಿ ಮಾತನಾಡುವುದು ಅಸಭ್ಯವೆನಿಸಿದೆ. ನಮ್ಮ ರೋಣ ಸೀಮೆಯ ಬಸ್ಸಿನಲ್ಲಿಯಾದರೋ ಒಬ್ಬನ ಸಂಭಾಷಣೆಗೆ ಹತ್ತು ಜನ ಶ್ರೋತೃಗಳು! ಇದಕ್ಕೆ ಕಾರಣವೇನು? ಬೆಳವಣಕಿಯಂತಹ ಎರೆನಾಡಿನ ಊರುಗಳ ಬಾಳನ್ನು ನೋಡಿದರೆ ಉತ್ತರವು ದೊರೆಯುವುದು.

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದುದು 1995ರ ಜುಲೈ 31ರಂದು, ಕಲಕತ್ತೆಯಿಂದ ದಿಲ್ಲಿಗೆ. ಆಗ ಬಂದ ಕರೆಗೂ ಹಣ ತೆರಬೇಕಾಗಿತ್ತು. 2003ರಲ್ಲಿ ಆ ಭಾರ ತಪ್ಪಿತು. ಖರ್ಚು ಕರೆಯುವವನದಷ್ಟೇ ಆದಾಗ ‘ಮಿಸ್ಡ್ ಕಾಲ್’ ರೂಢಿಯು ಬಲವಾಯಿತು. ಆಫ್ರಿಕೆಯಲ್ಲಿಯೂ ಇದುಂಟು. ಅದನ್ನು ಕುರಿತು 2007ರಲ್ಲಿ ಬರೆದ ಸಂಶೋಧಕ ಜೊನಾಥನ್ ಡೋನರ್ ಅವರು, ಉಳ್ಳವನೇ ತಿರುಗಿ ಕರೆಯಬೇಕೆಂಬ ಅಲಿಖಿತ ನಿಯಮವನ್ನು ಗುರುತಿಸಿದರು. ನಮ್ಮಲ್ಲಿ ತಮ್ಮನು ರಿಂಗು ಕೊಟ್ಟರೆ ಅಣ್ಣನು ಕರೆಯುತ್ತಿದ್ದನು. ಹಿರಿತನದ ಈ ಹೊಣೆಯನ್ನು ಯಂತ್ರವು ಕಲಿಸಲಿಲ್ಲ. ಅದು ಮನೆಯಲ್ಲಿ ಮೊದಲೇ ಇದ್ದಿತು. 2016ರ ತರುವಾಯ ಕರೆಗಳು ಅಗ್ಗವಾಗಿ ಈ ರೂಢಿಯು ಕ್ಷೀಣಿಸಿತು.

ಗಂಡನ ಹೆಸರನ್ನು ನೇರವಾಗಿ ನುಡಿಯದೆ ಒಡಪಿನಲ್ಲಿ ಅಡಗಿಸಿ ಹೇಳುವುದು ನಮ್ಮ ಹೆಣ್ಣುಮಕ್ಕಳ ಹಳೆಯ ಸಂಪ್ರದಾಯ. ಮೊಬೈಲಿನ ಹೆಸರುಪಟ್ಟಿಯಲ್ಲಿಯೂ ಆತನು ‘ಮನೆಯವರು’ ಎಂದೋ, ಮಗುವಿನ ಹೆಸರಿನ ಮುಂದೆ ‘ಅಪ್ಪ’ ಎಂದೋ ಅಡಗಿರುವುದುಂಟು. ಹಾಗೆಯೇ ಮದುವೆಗೆ ಮನೆಗೆ ಬಂದು ಕರೆಯಬೇಕು. ‘ಬರೇ ಫೋನಿನಾಗ ಕರದ್ರು’ ಎಂಬ ಮುನಿಸು ವರ್ಷಗಟ್ಟಲೆ ಉಳಿಯುವುದು. ಆದರೆ ಗೋವೆಗೋ ಮಂಗಳೂರಿಗೋ ದುಡಿಯಹೋದವನು ತನ್ನ ಕೂಸಿನ ತೊಟ್ಟಿಲ ಕಾರ್ಯವನ್ನು ವಿಡಿಯೋ ಕರೆಯಲ್ಲಿ ಕಂಡರೆ ಯಾರೂ ಆಕ್ಷೇಪಿಸರು. ದೂರವಿರುವವನಿಗೆ ಯಂತ್ರವು ಸಲ್ಲುವುದು. ನಡೆದು ಬರಬಲ್ಲವನಿಗೆ ಸಲ್ಲದು. ಇದು ವಿವೇಕವೇ ಸರಿ.

ಆದರೆ ಸಂಸ್ಕೃತಿಯ ಹೆಸರಿನಲ್ಲಿ ನಡೆಯುವುದೆಲ್ಲವೂ ಹಿತಕರವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಸ್ವತಃ ಬಳಸುವ ಮೊಬೈಲುಳ್ಳವರು ಸುಮಾರು ಶೇ. 54 ಮಾತ್ರ. ಮಗನಿಗೆ ಕೇಳಿದೊಡನೆ ದೊರೆಯುವುದು ಮಗಳಿಗೆ ದೊರೆತರೂ, ‘ಯಾರ ಕೂಡ ಮಾತು?’ ಎಂಬ ಪ್ರಶ್ನೆ ಬೆನ್ನು ಬಿಡದು. ವಿದ್ಯಾರ್ಥಿವೇತನದ ಅರ್ಜಿಗೆ ಬೇಕಾದ ಗುಪ್ತಸಂಖ್ಯೆಯು ಅಣ್ಣನ ಮೊಬೈಲಿಗೆ ಬಂದರೆ, ಅವನು ಹೊಲದಿಂದ ಮರಳುವವರೆಗೆ ಆಕೆ ಕಾಯಬೇಕು. ಆ ಸಂಖ್ಯೆಯ ಆಯುಷ್ಯವೋ ಕೆಲವೇ ನಿಮಿಷ! ಇಲ್ಲಿ ನಷ್ಟವಾಗುವುದು ಮಾತಲ್ಲ, ವಿದ್ಯೆ.

ಆದುದರಿಂದ ಹಿರಿಯನ ಹೊಣೆ, ಮನೆಗೆ ಬಂದು ಕರೆಯುವ ಆದರ ಇವನ್ನು ಉಳಿಸಿಕೊಳ್ಳೋಣ; ಹೆಣ್ಣುಮಕ್ಕಳ ಮೇಲಣ ಸಂಶಯವನ್ನು ಬಿಡೋಣ. ಈ ವಿವೇಚನೆಯನ್ನು ಮನೆಯವರೊಡನೆ ಆಡಿ ತೋರಿಸುವುದು ಓದುತ್ತಿರುವ ನಮ್ಮೆಲ್ಲರ ಕರ್ತವ್ಯವಾಗಿದೆ.