ಅಮಲಿನ ರೋಗವೂ ಕಾಯಿದೆಯ ಎರಡು ಬಾಗಿಲುಗಳೂ

ಎಲೆಕ್ಟ್ರಾನಿಕ್ ಸಿಟಿಗೆ ಸಮೀಪವಾದ ಪರಪ್ಪನ ಅಗ್ರಹಾರದಲ್ಲಿ ಬೆಂಗಳೂರಿನ ಕೇಂದ್ರ ಸೆರೆಮನೆಯಿರುವದು. ನಿಮ್ಹಾನ್ಸ್ ವೈದ್ಯರು ಬೆಂಗಳೂರಿನ 5,024 ಸೆರೆಯವರನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ್ದೇನಂದರೆ, ನೂರಕ್ಕೆ ಸುಮಾರು 80 ಮಂದಿಗೆ ಮನೋರೋಗವಾಗಲಿ ಅಮಲಿನ ತೊಂದರೆಯಾಗಲಿ ಇತ್ತು. ಅಮಲನ್ನು ಬಿಟ್ಟು ಎಣಿಸಿದರೆ ಸುಮಾರು 28 ಮಂದಿಗೆ. ಹೀಗಿರಲಾಗಿ ಬರೀ ಬೀಗದಿಂದ ಈ ರೋಗವು ವಾಸಿಯಾಗದೆಂದು ತಿಳಿಯತಕ್ಕದ್ದು.

1985ರ ಮಾದಕವಸ್ತು ಕಾಯಿದೆಯಲ್ಲಿ ವ್ಯಸನಿಗೆ ಎರಡು ಬಾಗಿಲುಗಳುಂಟು. ಮೊದಲನೆಯದು 64ಎ ಕಲಮು: ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧ ಹೊತ್ತ ವ್ಯಸನಿಯು ತಾನಾಗಿ ಬಂದು ಸರಕಾರದ, ಇಲ್ಲವೆ ಸರಕಾರವು ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಹೊಂದಿದರೆ, ಅದಕ್ಕಾಗಿ ಮೊಕದ್ದಮೆಗೆ ಗುರಿಯಾಗನು, ನಡುವೆ ಬಿಟ್ಟರೆ ಈ ರಕ್ಷಣೆಯು ತಪ್ಪಬಹುದು. ಎರಡನೆಯದು 39ನೆಯ ಕಲಮು: ಇಂಥ ಅಪರಾಧವು ಸ್ಥಿರಪಟ್ಟ ಮೇಲೆಯೂ ನ್ಯಾಯಾಧೀಶರು ವ್ಯಸನಿಯ ಒಪ್ಪಿಗೆಯಿಂದ ಮುಚ್ಚಳಿಕೆ ಬರೆಯಿಸಿಕೊಂಡು ಅವನನ್ನು ಚಿಕಿತ್ಸೆಗೆ ಕಳುಹಿಸಬಹುದು, ಒಂದು ವರುಷದೊಳಗೆ ಅವನು ಅದರ ಫಲವನ್ನು ವರದಿಮಾಡಬೇಕು. ದೊಡ್ಡ ವ್ಯಾಪಾರಿಗಳಿಗೆ ಈ ಬಾಗಿಲುಗಳಿಲ್ಲ.

ಆದದರಿಂದ ಪೀಣ್ಯದಲ್ಲಾಗಲಿ ವೈಟ್‌ಫೀಲ್ಡಿನಲ್ಲಾಗಲಿ ದುಡಿಯುವ ನಮ್ಮ ಮಕ್ಕಳು ಚಟಕ್ಕೆ ಬಿದ್ದರೆ, ನಾಚಿಕೆಯಿಂದ ಮುಚ್ಚಿಡದೆ, ಪೊಲೀಸರು ಬರುವ ಮೊದಲೇ ಹೊಸೂರು ರಸ್ತೆಯ ನಿಮ್ಹಾನ್ಸಿಗೆ ಕರೆದುಕೊಂಡು ಹೋಗೋಣ. ಸೆರೆಯಿಂದ ಬಿಡುಗಡೆಯಾಗಿ ಬರುವವನನ್ನು ಹಳೆಯ ಗೆಳೆಯರಿಗಿಂತ ಮುಂಚಿತವಾಗಿ ನಾವೇ ಎದುರುಗೊಳ್ಳೋಣ.