ಸಾಫ್ಟ್‌ವೇರ್ ಡಿಫೈನ್ಡ್ ವೆಹಿಕಲ್ (ಎಸ್‌ಡಿವಿ): ವೇದಿಕೆಗಳು ಮತ್ತು ನಿಯಮಗಳು

ಅರ್ಥ: ವಾಹನದ ಸೌಲಭ್ಯಗಳನ್ನು ಮುಖ್ಯವಾಗಿ ಸಾಫ್ಟ್‌ವೇರ್ ನಿರ್ಧರಿಸಿದರೆ ಅದು ಎಸ್‌ಡಿವಿ. ಮಾರಾಟದ ನಂತರವೂ ಇಂಟರ್ನೆಟ್ ಮೂಲಕ ಅದಕ್ಕೆ ಹೊಸ ಸೌಲಭ್ಯ ಸೇರಿಸಬಹುದು. ಇದೇ ಓಟಿಎ (ಓವರ್ ದಿ ಏರ್) ಅಪ್‌ಡೇಟ್.

ರಚನೆ: ಹಿಂದೆ ಒಂದೊಂದು ಕೆಲಸಕ್ಕೂ ಪ್ರತ್ಯೇಕ ಇಸಿಯು (ಎಲೆಕ್ಟ್ರಾನಿಕ್ ಕಂಟ್ರೋಲ್ ಯುನಿಟ್) ಇರುತ್ತಿತ್ತು. ಈಗ ಆ ಕೆಲಸಗಳು ಕೆಲವೇ ಶಕ್ತಿಶಾಲಿ ಕಂಪ್ಯೂಟರ್‌ಗಳಲ್ಲಿ ಸೇರುತ್ತಿವೆ. ಬ್ರೇಕ್‌ನ ಆದೇಶ ನಿಗದಿತ ಸಮಯದೊಳಗೆ ಜಾರಿಯಾಗಲೇಬೇಕು. ಸಂಗೀತ ತುಸು ತಡವಾದರೆ ಅಪಾಯವಿಲ್ಲ. ಆದ್ದರಿಂದ ಒಂದೇ ವಾಹನದಲ್ಲಿ ಹಲವು ಸಾಫ್ಟ್‌ವೇರ್ ವೇದಿಕೆಗಳು ಬೇಕಾಗುತ್ತವೆ.

ಪ್ರಮುಖ ವೇದಿಕೆಗಳು
- ಆಟೋಸಾರ್: 2003ರಲ್ಲಿ ಆರಂಭ. ಕ್ಲಾಸಿಕ್ ವೇದಿಕೆ ಚಿಕ್ಕ ಇಸಿಯುಗಳಿಗೆ, ಅಡಾಪ್ಟಿವ್ ವೇದಿಕೆ ಶಕ್ತಿಶಾಲಿ ಕಂಪ್ಯೂಟರ್‌ಗಳಿಗೆ.
- ಕ್ಯೂಎನ್‌ಎಕ್ಸ್: ಕೆನಡಾದ ಬ್ಲ್ಯಾಕ್‌ಬೆರಿಯ ಮೈಕ್ರೋಕರ್ನೆಲ್ ರಿಯಲ್‌ಟೈಮ್ ಓಎಸ್ (ಆಪರೇಟಿಂಗ್ ಸಿಸ್ಟಮ್).
- ಆಟೋಮೋಟಿವ್ ಗ್ರೇಡ್ ಲಿನಕ್ಸ್: ಲಿನಕ್ಸ್ ಫೌಂಡೇಶನ್‌ನ ಮುಕ್ತ ಆಕರ ಯೋಜನೆ.
- ಆಂಡ್ರಾಯ್ಡ್ ಆಟೋಮೋಟಿವ್: ಗೂಗಲ್‌ನದು, ಕಾರಿನಲ್ಲೇ ನಡೆಯುವ ಓಎಸ್.

ನಿಯಮಗಳು
- ಐಎಸ್‌ಒ 26262 ಮಾನದಂಡ: ಕಾರ್ಯ ಸುರಕ್ಷತೆ
- ಐಎಸ್‌ಒ/ಎಸ್‌ಎಇ 21434 ಮಾನದಂಡ: ಸೈಬರ್ ಭದ್ರತೆ
- ವಿಶ್ವಸಂಸ್ಥೆಯ ನಿಯಮ 155: ಸೈಬರ್ ಭದ್ರತೆ, 156: ಸಾಫ್ಟ್‌ವೇರ್ ಅಪ್‌ಡೇಟ್. ಎರಡೂ 2021ರ ಜನವರಿಯಲ್ಲಿ ಜಾರಿ.

ಕರ್ನಾಟಕ: ವಾಹನ ಸಾಫ್ಟ್‌ವೇರ್ ರೂಪಿಸುವ ಬಾಷ್ ಗ್ಲೋಬಲ್ ಸಾಫ್ಟ್‌ವೇರ್ ಟೆಕ್ನಾಲಜೀಸ್‌ನ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ.

ಗೊಂದಲ ಬೇಡ: ಆಂಡ್ರಾಯ್ಡ್ ಆಟೋ ಎಂಬುದು ಕಾರಿನ ಓಎಸ್ ಅಲ್ಲ, ಅದು ಮೊಬೈಲ್‌ನ ಆ್ಯಪ್‌ಗಳನ್ನು ಕಾರಿನ ಪರದೆಯಲ್ಲಿ ತೋರಿಸುತ್ತದೆ.

ಮಾದರಿ ಪ್ರಶ್ನೆ: ವಾಹನಗಳ ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಸಂಬಂಧಿಸಿದ ವಿಶ್ವಸಂಸ್ಥೆಯ ನಿಯಮ ಯಾವುದು?
ಎ) 21434 ಬಿ) 155 ಸಿ) 156 ಡಿ) 26262
ಉತ್ತರ: ಸಿ